ತಾರಸಿ ಹೊಳೆ ಕೊನೆಗೂ ತಿರುಗಿತು

ಐದನೇ ವಾರ. ಹೊಳೆ ತಿರುಗಿದೆ. ಒಂದಲ್ಲ, ಎರಡು ಕಡೆ!

ಹಿಂದಿನ ಕಥೆ ಗೊತ್ತಿಲ್ಲದವರಿಗೆ: ನಮ್ಮ ತಾರಸಿ ಮೇಲೆ ಆರಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ತೊಟ್ಟಿ ಇದೆ. ಒಳಗೆ ಟಾರ್ಪಾಲು, ಅದರ ಮೇಲೆ ನಾಲ್ಕಿಂಚು ಎಂ-ಸ್ಯಾಂಡ್. ಅಕ್ವೇರಿಯಂ ಪಂಪು ಒಂದು ತುದಿಯಲ್ಲಿ ನೀರು ಬಿಡುತ್ತದೆ, ಇನ್ನೊಂದು ತುದಿಯ ಬಕೆಟ್ಟಿಗೆ ಬಿದ್ದದ್ದು ಮತ್ತೆ ಮೇಲಕ್ಕೆ. ಹೊಳೆ ಯಾಕೆ ಹಾವಿನ ಹಾಗೆ ಹರಿಯುತ್ತದೆ ಅಂತ ಕಣ್ಣಾರೆ ನೋಡುವ ಆಸೆ, ಅಷ್ಟೇ.

ಮೊದಲ ಎರಡು ವಾರ ದಂಡ. ತೊಟ್ಟಿಯ ತಲೆಯ ಕೆಳಗೆ ಇಟ್ಟಿಗೆ ಇಟ್ಟಿದ್ದೆ, ಇಳಿಜಾರು ಜಾಸ್ತಿಯಾಯಿತು. ನೀರು ನೆಟ್ಟಗೆ ಓಡಿ ಚರಂಡಿ ಕೊರೆಯಿತು. ಆ ಮರಳೆಲ್ಲ ಮಳೆನೀರಿನ ಪೈಪಿಗೆ ಹೋಗಿ ಕಟ್ಟಿಕೊಂಡು, ಕೆಳಮನೆಯವರ ಬಾಲ್ಕನಿ ಕೆರೆಯಾಯಿತು. ಆ ಮಾತುಕತೆ ಇಲ್ಲಿ ಬೇಡ.

ಮೂರನೇ ವಾರ ಇಟ್ಟಿಗೆ ತೆಗೆದು ಒಂದಿಂಚಿನ ರೀಪು ಇಟ್ಟೆ. ಈಗ ಬೇರೆ ತೊಂದರೆ. ದಡ ಪುಡಿಪುಡಿಯಾಗಿ ಕುಸಿಯಿತು. ಹೊಳೆ ಅಗಲವಾಯಿತು, ತೆಳುವಾಯಿತು, ತಾನೇ ಹಾಕಿದ ಮರಳು ಅಡ್ಡ ಬಂದು ನಾಲ್ಕೈದು ಎಳೆಯಾಗಿ ಒಡೆಯಿತು. ಅಸ್ಸಾಮಿನ ಬ್ರಹ್ಮಪುತ್ರ ಹೀಗೇ, ಜಡೆ ಬಿಚ್ಚಿ ಹರಡಿದ ಹಾಗೆ. ನೋಡಲು ಚೆಂದ, ಆದರೆ ನನಗೆ ಬೇಕಾದದ್ದು ಹಾವು.

ಆಮೇಲೆ ಗೊತ್ತಾಯಿತು, ದೊಡ್ಡ ವಿಜ್ಞಾನಿಗಳೂ ಇಲ್ಲೇ ಎಡವಿದ್ದರು. ಲ್ಯಾಬಿನ ಹೊಳೆ ತಿರುವುಗಳನ್ನು ಉಳಿಸಿಕೊಳ್ಳುತ್ತಲೇ ಇರಲಿಲ್ಲ. 2009ರಲ್ಲಿ ಪ್ರಕಟವಾದ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ದಡಕ್ಕೆ ಆಲ್ಫಾಲ್ಫಾ ಮೊಳಕೆ ಬೆಳೆಸಿದ ಮೇಲೆ ತಿರುವು ಉಳಿಯಿತು. ನಮ್ಮಲ್ಲಿ ದನಕ್ಕೆ ಹಾಕುವ ಕುದುರೆ ಮಸಾಲೆ ಸೊಪ್ಪೇ ಅದು. ನನ್ನ ಹತ್ತಿರ ಇದ್ದದ್ದು ರಾಗಿ. ಪಂಪು ನಿಲ್ಲಿಸಿ ತೊಟ್ಟಿ ತುಂಬ ಚೆಲ್ಲಿದೆ. ಹತ್ತು ದಿನ ಸುಮ್ನೆ ನೀರು ಚಿಮುಕಿಸಿದ್ದೇ ಕೆಲಸ. ಬೇರು ಹಿಡಿದ ಮೇಲೆ ಪೈಪನ್ನು ಸ್ವಲ್ಪ ಓರೆಯಾಗಿಟ್ಟು ನೀರು ಬಿಟ್ಟೆ.

ನೀರು ಎಡದಡಕ್ಕೆ ಹೊಡೆಯಿತು. ದಡ ತಕ್ಷಣ ಬೀಳಲಿಲ್ಲ. ಕೆಳಗೆ ಮರಳು ಕೊರೆದು ಹೋದರೂ ಮೇಲೆ ಬೇರಿನ ಚಾಪೆ ತುಟಿಯ ಹಾಗೆ ಚಾಚಿಕೊಂಡಿತ್ತು. ಬಹಳ ಹೊತ್ತಿನ ಮೇಲೆ ಒಂದು ಹೆಂಟೆ ರಾಗಿ ಸಮೇತ ಕಳಚಿ ಬಿತ್ತು. ಆ ದಡಕ್ಕೆ ಮೊದಲೇ ಕೆಂಪು ರಂಗೋಲಿ ಪುಡಿ ಬೆರೆಸಿದ್ದೆ. ಬೆಳಿಗ್ಗೆ ನೋಡಿದರೆ ಆ ಕೆಂಪು ಎದುರು ದಡಕ್ಕೆ ಹೆಚ್ಚು ದಾಟಿಲ್ಲ. ಎಡದಡದಲ್ಲೇ, ಒಂದು ಗೇಣು ಕೆಳಗೆ, ಮುಂದಿನ ತಿರುವಿನ ಒಳಮಗ್ಗುಲಲ್ಲಿ ಅರ್ಧಚಂದ್ರದ ಹಾಗೆ ಕೂತಿದೆ.

ಒಳಮಗ್ಗುಲಲ್ಲೇ ಯಾಕೆ? ಲೋಟದ ಚಹಾವನ್ನು ಚಮಚದಲ್ಲಿ ತಿರುಗಿಸಿ ನೋಡಿ. ಚಹಾ ಸೊಪ್ಪು ಅಂಚಿಗೆ ಹೋಗಬೇಕು ಅನ್ನಿಸುತ್ತದೆ, ಅಲ್ವಾ? ತಳದ ನಡುವಿಗೆ ಬಂದು ಗುಡ್ಡೆಯಾಗುತ್ತದೆ. ಮೇಲಿನ ನೀರು ಜೋರಾಗಿ ಹೊರಕ್ಕೆ ಸರಿಯುತ್ತದೆ. ತಳದ್ದು ಉಜ್ಜಿ ನಿಧಾನವಾಗಿ ಒಳಕ್ಕೆ ಬರುತ್ತದೆ, ಬರುವಾಗ ಸೊಪ್ಪನ್ನೂ ತರುತ್ತದೆ. 1926ರಲ್ಲಿ ಐನ್‌ಸ್ಟೈನ್ ಈ ಚಹಾ ಸೊಪ್ಪಿನಿಂದಲೇ ನದಿಯ ತಿರುವನ್ನು ವಿವರಿಸಿದ್ದರು.

ಕೆಂಪು ದಿಬ್ಬ ನೋಡುವಾಗ ಅಲಮೇಲಮ್ಮನ ಶಾಪ ನೆನಪಾಯಿತು: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ. ಕಾವೇರಿ ತಿರುಗುವ ಜಾಗದಲ್ಲಿ ಮರಳನ್ನೂ ಮಡುವನ್ನೂ ಜೋಡಿಯಾಗಿ ಹೇಳಿದವರು ಹೊಳೆಯನ್ನು ಚೆನ್ನಾಗಿ ನೋಡಿದ್ದವರೇ ಇರಬೇಕು. ಆದರೆ ಅಲ್ಲಿ ದೇವಸ್ಥಾನ ಮುಚ್ಚಿದ ಮರಳಿನಲ್ಲಿ ಗಾಳಿಯ ಪಾಲು ದೊಡ್ಡದು. ಗಾಳಿ ನನ್ನ ತೊಟ್ಟಿಯಲ್ಲಿಲ್ಲ, ಟೇಬಲ್ ಫ್ಯಾನ್ ಇಡಲು ಮನೆಯಲ್ಲಿ ಒಪ್ಪಿಗೆಯೂ ಇಲ್ಲ.

ನಿನ್ನೆ ಪಾರಿವಾಳಗಳು ಎರಡನೇ ತಿರುವಿನ ಹೊರದಡದಲ್ಲಿ ಅಂಗೈಯಗಲ ರಾಗಿ ಕಿತ್ತು ಹಾಕಿವೆ. ಸಂಜೆಗೆ ದಡ ಸರಿಯಾಗಿ ಅಲ್ಲೇ ಕುಸಿಯಿತು, ಅತ್ತಿತ್ತ ಬೇರಿದ್ದ ಕಡೆ ಗಟ್ಟಿಯಾಗಿದೆ. ಬಲೆ ತಂದಿದ್ದೇನೆ, ಇನ್ನೂ ಕಟ್ಟಿಲ್ಲ. ಇನ್ನೆರಡು ದಿನ ಪಾರಿವಾಳಗಳಿಗೇ ಬಿಟ್ಟು ನೋಡೋಣ ಅನ್ನಿಸುತ್ತಿದೆ.