ಬರೀ ಎದುರು ಮಾತ್ರ ಅಲ್ವಾ, ಅದಕ್ಕೂ ಪರ್ಮಿಟ್ ಬೇಕಾ?

ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಒಮ್ಮೆ ಸಾವಿನ ಮನೆಯ ಅಂಗಳದಲ್ಲಿ ಕೂಡ, ನಾನು ಬಿಲ್ಡಿಂಗ್ ಪ್ಲಾನ್ ಮಾಡುವವ ಅಂತ ಗೊತ್ತಾದ ಕೂಡ್ಲೆ ಬರುವ ಪ್ರಶ್ನೆ ಇದು. "ಅಲ್ಲ ಮಾರಾಯ್ರೇ, ನನ್ನ ಕಟ್ಟಡ, ನನ್ನ ದುಡ್ಡು, ಒಳಗೆ ಎಂತದೂ ಮುಟ್ಟುದಿಲ್ಲ, ಬರೀ ಎದುರು ಸ್ವಲ್ಪ ಚಂದ ಮಾಡುದು, ಅದಕ್ಕೂ ಮುನ್ಸಿಪಾಲಿಟಿಗೆ ಹೋಗಿ ಕೇಳ್ಬೇಕಾ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ವಾಟ್ಸಾಪಿನಲ್ಲಿ ಕಳಿಸ್ತೇನೆ, ಬೇಜಾರು ಮಾಡ್ಕೊಂಡ್ರೂ ಅಡ್ಡಿಲ್ಲ.

ಮೊದ್ಲು ನಿಯಮದ ಉತ್ತರ, ಅದು ಬೇಗ ಮುಗೀತದೆ. ನಮ್ಮ ಕಾಸರಗೋಡು ಕೇರಳದಲ್ಲಿ ಅಲ್ವಾ, ಇಲ್ಲಿ ಈಗ ನಡೀತಿರುದು 2019ರ ಕೇರಳ ಮುನ್ಸಿಪಾಲಿಟಿ ಬಿಲ್ಡಿಂಗ್ ರೂಲ್ಸ್, ಪಂಚಾಯತಿಗಳಿಗೆ ಅದೇ ವರ್ಷದ ಬೇರೆ ರೂಲ್ಸ್ ಉಂಟು. ಅದರಲ್ಲಿ ಪರ್ಮಿಟ್ ಬೇಡದ ಕೆಲಸಗಳ ಪಟ್ಟಿ ಕೊಟ್ಟಿದ್ದಾರೆ. ಸುಣ್ಣ ಬಣ್ಣ, ಸಾರಣೆ, ಸಣ್ಣಪುಟ್ಟ ರಿಪೇರಿ, ಕಿಟಕಿ ಬಾಗಿಲು ಇಡುವುದು ತೆಗೆಯುವುದು, ಇದಕ್ಕೆಲ್ಲ ಯಾರನ್ನೂ ಕೇಳ್ಬೇಕಾಗಿಲ್ಲ. ನಮ್ಮವರು ಅಷ್ಟು ಓದಿ ನಿಲ್ಲಿಸ್ತಾರೆ. ಆದ್ರೆ ಆ ಪಟ್ಟಿಯ ತಲೆಯಲ್ಲೇ ಒಂದು ಷರತ್ತು ಉಂಟು, ಕಟ್ಟಡದ ಸಾಮಾನ್ಯ ನಿಯಮಗಳು, ಗಟ್ಟಿತನ, ಬೆಂಕಿಯ ಸುರಕ್ಷತೆ ಇದ್ಯಾವುದಕ್ಕೂ ಭಂಗ ಬರದ ಹಾಗೆ ಮಾಡಿದ್ರೆ ಮಾತ್ರ. ಬಣ್ಣ ನಿಮ್ಮಿಷ್ಟ. ಎದುರಿಗೆ ಒಂದು ಸ್ಲ್ಯಾಬ್ ಎಳೆದ್ರೆ, ಕಬ್ಬಿಣದ ಫ್ರೇಮು ರಸ್ತೆಯ ಮೇಲೆ ಬಾಗಿದ್ರೆ, ಜಗಲಿಗೆ ಗ್ಲಾಸ್ ಹಾಕಿ ಅಂಗಡಿಯೊಳಗೆ ಸೇರಿಸಿಕೊಂಡ್ರೆ ಅದು ಆ ಪಟ್ಟಿಯೊಳಗೆ ಬರುದಿಲ್ಲ. ಹೆದ್ದಾರಿ, ಜಿಲ್ಲಾ ರಸ್ತೆ, ಮತ್ತೆ ನೋಟಿಫೈ ಮಾಡಿದ ರಸ್ತೆಗಳ ಗಡಿಯಿಂದ 3 ಮೀಟರ್ ಒಳಗೆ ಕಟ್ಟಡ ಏಳುವ ಹಾಗಿಲ್ಲ, ಅದು 1994ರ ಮುನ್ಸಿಪಾಲಿಟಿ ಆಕ್ಟಿನ 220ನೇ ಸೆಕ್ಷನ್. ಈ ಮೂರು ಮೀಟರಿನ ಲೆಕ್ಕ ಊರಿನ ಎಲ್ಲ ಅಂಗಡಿಯವರಿಗೂ ಬಾಯಿಪಾಠ, ಆದ್ರೂ ಕೇಳ್ತಾರೆ. ಅರ್ಜಿ ಹಾಕುದು ಈಗ ಕೆ-ಸ್ಮಾರ್ಟ್ ಅನ್ನುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ, ಮುನ್ಸಿಪಾಲಿಟಿಗಳಲ್ಲಿ ಅದು 2024ರ ಜನವರಿಯಿಂದ ಶುರುವಾದದ್ದು. ಅಷ್ಟೇ.

ನನಗೆ ಪಿತ್ತ ನೆತ್ತಿಗೇರುದು ಆ "ಬರೀ"ಗೆ. ಬರೀ ಎದುರು ಅಂತೆ. ಒಳಗೆ ಕಪಾಟು ಯಾವ ಬದಿ, ಕ್ಯಾಶ್ ಟೇಬಲ್ ಎಲ್ಲಿ, ಬಚ್ಚಲಿಗೆ ಯಾವ ಟೈಲ್ಸ್, ಇದು ಯಾವುದನ್ನೂ ಊರು ಕೇಳುದಿಲ್ಲ, ಅದು ಪೂರ್ತಿ ನಿಮ್ಮದು. ಇಡೀ ಕಟ್ಟಡದಲ್ಲಿ ಊರಿನವರಿಗೂ ಪಾಲು ಇರುವ ಜಾಗ ಇದ್ರೆ ಅದು ಎದುರು ಒಂದೇ. ಕ್ಯಾಶಿನಲ್ಲಿ ಕೂತ ಧಣಿಗೆ ತನ್ನ ಅಂಗಡಿಯ ಎದುರು ಕಾಣುದೇ ಇಲ್ಲ, ಅದನ್ನು ದಿನಾ ನೋಡುದು ಆಚೆ ಬದಿಯ ಬಸ್ ಸ್ಟಾಪಿನಲ್ಲಿ ನಿಂತವರು. ಗ್ಲಾಸಿಗೆ ಬಡಿದು ತಿರುಗಿ ಬರುವ ಬಿಸಿಲು ಎದುರಿನ ಅಂಗಡಿಯವರ ಮೋರೆಗೆ, ಶೀಟಿನಿಂದ ಧಾರೆಯಾಗಿ ಬೀಳುವ ಮಳೆನೀರು ಪಕ್ಕದವರ ಶಟರಿನ ಬುಡಕ್ಕೆ, ಬೆಂಕಿ ಬಿದ್ರೆ ಹೊಗೆ ಮೇಲಿನ ಮಾಳಿಗೆಯಲ್ಲಿ ಕೂತವರ ಎದೆಗೆ. ಇಷ್ಟೆಲ್ಲ ಆಗುವ ಜಾಗಕ್ಕೆ ಬರೀ ಅಂದ್ರೆ ನಾನು ಸುಮ್ಮನೆ ತಲೆ ಆಡಿಸ್ಬೇಕಾ?

ಒಂದು ಸಂಗತಿ ಹೇಳ್ತೇನೆ, ಯಾವ ರೋಡು ಅಂತ ಹೇಳುದಿಲ್ಲ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಹೊಲಿಗೆಯವರು, ಅದರ ಮೇಲೆ ಗೋಡೌನು. ಧಣಿ ನನ್ನನ್ನು ಕರೆಸಿದ್ದು ಕೆಲಸ ಎಲ್ಲ ಮುಗಿದ ಮೇಲೆ. ಪಕ್ಕದವರು ದೂರು ಕೊಟ್ಟು ನೋಟೀಸು ಬಂದಿತ್ತು, "ಒಂದು ಡ್ರಾಯಿಂಗ್ ಮಾಡಿ ರೆಗ್ಯುಲರೈಸ್ ಮಾಡಿಸಿ ಕೊಡಿ" ಅಂದ್ರು. ಎದುರು ಕೆಳಗಿನ ಬೋರ್ಡಿನಿಂದ ಪ್ಯಾರಪೆಟ್ ತನಕ ಬೂದು ಬಣ್ಣದ ಎಸಿಪಿ ಶೀಟು, ನಡುವೆ ಒಂದು ಕೆಂಪು ಪಟ್ಟೆ, ಎಲ್ಲೂ ಒಂದು ಕಿಟಕಿ ಇಲ್ಲ. ಇಲ್ಲಿ ಮೊದ್ಲು ಕಿಟಕಿ ಇತ್ತಲ್ಲ ಅಂತ ಮೇಲೆ ಹತ್ತಿ ಹೋದೆ. ಕಿಟಕಿಗಳು ಇದ್ದವು. ಮರದ ಬಾಗಿಲು ತೆರೆದೇ ಇತ್ತು, ಸರಳಿನ ಆಚೆ ಗೇಣು ದೂರದಲ್ಲಿ ಶೀಟಿನ ಹಿಂಬದಿ, ಅಲ್ಯೂಮಿನಿಯಂ ಟ್ಯೂಬು, ಸ್ಕ್ರೂಗಳ ಸಾಲು, ಸೀಲಂಟಿನ ಬಿಳಿ ಗೆರೆ, ಬದಿಯ ಸಂದಿನಿಂದ ನುಗ್ಗಿದ ಪಾರಿವಾಳದ ಕಸ. ಒಳಗೆ ಹಗಲು ಹೊತ್ತಲ್ಲೇ ಟ್ಯೂಬ್‌ಲೈಟ್ ಹಾಕಿ ಹೆಂಗಸರು ಹೊಲೀತಾ ಇದ್ರು, ಸೆಕೆ ಅಂದ್ರೆ ಸೆಕೆ, ನೆತ್ತಿಯ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸ್ತಾ ಇತ್ತು. ಏನೂ ಬರುದಿಲ್ಲವಲ್ಲ, ಕಿಟಕಿ ಯಾಕೆ ತೆರೆದಿಟ್ಟಿದ್ದೀರಿ ಅಂತ ಕೇಳಿದೆ. ಒಬ್ರು ಮಿಷನ್ ನಿಲ್ಲಿಸಿ ಹೇಳಿದ್ರು, "ಅಭ್ಯಾಸ ಸರ್, ಬೆಳಿಗ್ಗೆ ಬಂದ ಕೂಡ್ಲೆ ಕೈ ಅಲ್ಲಿಗೆ ಹೋಗ್ತದೆ."

ಎಸಿಪಿ ಅಂದ್ರೆ ಎಂತ ಅಂತ ಅದನ್ನು ಹಾಕಿಸುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಎರಡು ಬದಿ ತೆಳು ಅಲ್ಯೂಮಿನಿಯಂ, ನಡುವೆ ಪ್ಲಾಸ್ಟಿಕ್. ಅಗ್ಗದ ಶೀಟಿನಲ್ಲಿ ನಡುವೆ ಇರುದು ಪಾಲಿಥಿಲೀನ್, ಬೆಂಕಿ ಹಿಡಿದ್ರೆ ಅದು ಕರಗಿ ಉರೀತದೆ, ಶೀಟಿಗೂ ಗೋಡೆಗೂ ನಡುವಿನ ಗೇಣು ಜಾಗ ಚಿಮಿಣಿಯ ಕೆಲಸ ಮಾಡ್ತದೆ. ಲಂಡನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು 72 ಜನ ಸತ್ತದ್ದು ಇಂಥ ಹೊದಿಕೆಯಿಂದ ಬೆಂಕಿ ಏರಿದ್ದಕ್ಕೆ. ಅದು 1970ರ ದಶಕದ ಕಟ್ಟಡ, ಹೊದಿಕೆ ಹಾಕಿದ್ದು ಆಮೇಲೆ, 2016ಕ್ಕೆ ಮುಗಿದ ನವೀಕರಣದಲ್ಲಿ. ಅಂದ್ರೆ ನಮ್ಮವರು ಹೇಳುವ ಅದೇ "ಹೊರಗಿನ ಕೆಲಸ". ಇದನ್ನು ಹೇಳಿದ್ರೆ ಧಣಿ, "ಅದು ಇಪ್ಪತ್ತನಾಲ್ಕು ಮಾಳಿಗೆ ಸರ್, ನಮ್ಮದು ಎರಡು" ಅಂದ್ರು. ಹೌದು, ಎರಡು. ಮೆಟ್ಟಿಲು ಒಂದೇ, ಅದರ ಬುಡದಲ್ಲಿ ಕರೆಂಟ್ ಮೀಟರುಗಳು, ಎದುರಿನ ಕಿಟಕಿ ಎಲ್ಲ ಬಂದ್. ಫೈರ್ ಇಂಜಿನಿನವರು ಏಣಿ ಎಲ್ಲಿಗೆ ಒರಗಿಸುದು ಅಂತ ಕೇಳಿದೆ, ಉತ್ತರ ಇಲ್ಲ. ಕಿಟಕಿಯ ಎದುರಿನ ಶೀಟು ತೆಗೆಸಿದ್ರೆ ಡ್ರಾಯಿಂಗ್ ಮಾಡ್ತೇನೆ, ಇಲ್ಲದಿದ್ರೆ ಸೈನ್ ಹಾಕುದಿಲ್ಲ ಅಂತ ಹೇಳಿ ಇಳಿದು ಬಂದೆ. "ನಿಮ್ಮಂಥವರು ಇರುದಕ್ಕೇ ಈ ಊರು ಮುಂದೆ ಬರುದಿಲ್ಲ" ಅಂತ ಬೆನ್ನಿಗೆ ಕೇಳಿಸ್ತು. ಶೀಟು ಈಗಲೂ ಅಲ್ಲೇ ಉಂಟು. ನಾನು ಹೇಳಿದ್ದು ಸರಿ, ಇವತ್ತು ಕೇಳಿದ್ರೂ ಅದನ್ನೇ ಹೇಳ್ತೇನೆ.

ಇನ್ನು ಹೆದ್ದಾರಿಯ ಕತೆ. ತಲಪಾಡಿಯಿಂದ ಚೆಂಗಳದ ತನಕ ಸುಮಾರು 39 ಕಿಲೋಮೀಟರ್, ಆರು ಪಥ ಮಾಡ್ಲಿಕ್ಕೆ 45 ಮೀಟರ್ ಅಗಲ ತೆಗೊಂಡ್ರು. ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲು, ಕಾಸರಗೋಡು, ಪೇಟೆ ಪೇಟೆಯಲ್ಲಿ ಕಟ್ಟಡಗಳ ಮುಂಭಾಗ ಹೋಯ್ತು. ಅರ್ಧ ಕೊಯ್ದ ಕಟ್ಟಡ ನೋಡದವರು ಈ ಜಿಲ್ಲೆಯಲ್ಲಿ ಇರ್ಲಿಕ್ಕಿಲ್ಲ. ಮೇಲಿನ ಬಚ್ಚಲಿನ ನೀಲಿ ಟೈಲ್ಸು ರಸ್ತೆಗೆ ಕಾಣುವ ಹಾಗೆ ತೆರೆದು ಬಿದ್ದಿತ್ತು, ಸ್ಲ್ಯಾಬಿನ ಅಂಚಿನಲ್ಲಿ ಕಬ್ಬಿಣದ ತುದಿಗಳು ಸಾಲಾಗಿ ಹೊರಗೆ ಚಾಚಿಕೊಂಡು. ಅಂಗಡಿ ಅರ್ಧ ಹೋದವರ ಸಂಕಟ ನನಗೆ ಗೊತ್ತುಂಟು, ಬೇಗ ಶಟರ್ ಎತ್ತಬೇಕು, ಬಾಡಿಗೆ ಬರಬೇಕು, ಅವರನ್ನು ನಾನು ದೂರುದಿಲ್ಲ. ಆದ್ರೆ ಆ ಕೊಯ್ದ ಅಂಚನ್ನು ಎಂತ ಮಾಡಿದ್ರು? ಎದುರಿನ ಕಂಬ ಹೋದ ಮೇಲೆ ಸ್ಲ್ಯಾಬ್ ಆಧಾರ ಇಲ್ಲದೆ ನೇತಾಡ್ತದೆ, ಹೊಸ ಕಂಬ ಬೀಮು ಕೊಡ್ಬೇಕು. ಕಬ್ಬಿಣದ ತುದಿಯನ್ನು ಉಜ್ಜಿ, ಕೋಟಿಂಗ್ ಕೊಟ್ಟು, ಕಾಂಕ್ರೀಟಿನಿಂದ ಮುಚ್ಚಬೇಕು, ಇಲ್ಲಿ ಸಮುದ್ರ ಹತ್ತಿರ, ಉಪ್ಪು ಗಾಳಿಗೆ ತುಕ್ಕು ಒಳಗೊಳಗೇ ಹೋಗ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳ್ತದೆ. ಎಷ್ಟೋ ಕಡೆ ಇದು ಯಾವುದೂ ಇಲ್ಲದೆ ಹಸಿ ಗಾಯದ ಮೇಲೆ ಪೌಡರ್ ಹಾಕಿದ ಹಾಗೆ ಶೀಟು ಬಂತು. ಈಗ ನೋಡ್ಲಿಕ್ಕೆ ಹೊಸ ಕಟ್ಟಡ, ಒಳಗೆ ಎಂತ ಆಗ್ತಾ ಉಂಟು ಅಂತ ಶೀಟು ಬಿಚ್ಚದೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.

ಇದರಲ್ಲಿ ನನಗೆ ಅತಿ ಹೆಚ್ಚು ಬೇಜಾರು ಬೇರೆಯೇ ಒಂದು. ಇಡೀ ಸಾಲಿನ ಅಂಗಡಿಗಳಿಗೆ ಒಟ್ಟಿಗೆ ಹೊಸ ಮೋರೆ ಬರುವ ಕಾಲ ಒಂದು ಊರಿಗೆ ಎಷ್ಟು ಸಲ ಬರ್ತದೆ? ನಮಗೆ ಬಂತು, ಕೆಲವೇ ವರ್ಷದೊಳಗೆ ಎಲ್ಲರೂ ಎದುರು ಹೊಸದು ಮಾಡಿದ್ರು, ಆಗ ಒಂದು ದಿನ ಆದ್ರೂ ಒಟ್ಟಿಗೆ ಕೂತು ಸಾಲಾಗಿ ನೋಡುವವರು ಬೇಕಿತ್ತು. ಅವರವರ ಕೆಟಲಾಗು, ಅವರವರ ಶೀಟು. ಒಬ್ಬರ ಮೆಟ್ಟಿಲು ಒಂದಡಿ ಎತ್ತರ, ಪಕ್ಕದವರದ್ದು ಎರಡಡಿ, ನಡುವೆ ಒಂದು ರ‍್ಯಾಂಪು, ವಯಸ್ಸಾದವರು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗ್ಬೇಕಾದ್ರೆ ರಸ್ತೆಗೇ ಇಳೀಬೇಕು.

ಹಾಗಾಗಿ ಪರ್ಮಿಟ್ ಬೇಕಾ ಅಂತ ಕೇಳ್ಬೇಡಿ. ಮಳೆ ಬಂದಾಗ ನನ್ನ ಅಂಗಡಿಯ ಎದುರು ಜನ ನಿಲ್ಲಬಹುದಾ ಅಂತ ಕೇಳಿ. ಈ ಪ್ರಶ್ನೆಗೆ ನಾನು ಊಟ ಬಿಟ್ಟು ಎದ್ದು ಉತ್ತರ ಕೊಡ್ತೇನೆ. ಹಳೇ ಅಂಗಡಿಗಳು ನೆನಪುಂಟಲ್ಲ, ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು ರಸ್ತೆಯ ಬದಿಗೆ ಇಳಿಜಾರಾಗಿ ಬಂದು ಜಗಲಿಯನ್ನು ಪೂರ್ತಿ ಮುಚ್ಚುತ್ತಿತ್ತು, ನಂಬರ್ ಬರೆದ ಹಲಗೆ ಬಾಗಿಲು ಒಂದೊಂದೇ ತೆಗೆದು ಬದಿಗೆ ಒರಗಿಸುದು. ಮಳೆ ಜೋರಾದ್ರೆ ಶಾಲೆ ಮಕ್ಕಳು, ಮೀನಿನವರು, ಯಾರ್ಯಾರೋ ಬಂದು ನಿಲ್ಲುತ್ತಿದ್ರು, ಏನೂ ತೆಗೊಳ್ಳದಿದ್ರೂ ಯಾರೂ ಓಡಿಸ್ತಿರ್ಲಿಲ್ಲ. ನಮ್ಮದು ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮೇಲೆ ಮಳೆ ಬರುವ ಜಿಲ್ಲೆ. ಅಮೆರಿಕದ ಸಿಯಾಟಲ್ ಮಳೆಗೆ ಹೆಸರಾದ ಊರು, ಅಲ್ಲಿ ಬರುದು ಸುಮಾರು 1,000. ಅಷ್ಟು ಮಳೆಗೇ ಅವರು 1994ರಲ್ಲಿ ಡಿಸೈನ್ ರಿವ್ಯೂ ಅಂತ ಶುರು ಮಾಡಿದ್ರು, ದೊಡ್ಡ ಕಟ್ಟಡ ಬರುದಾದ್ರೆ ಊರಿನವರದ್ದೇ ಒಂದು ಬೋರ್ಡು ಸಭೆ ಮಾಡಿ ನೋಡ್ತಿತ್ತು, ಅವರ ಮಾರ್ಗಸೂಚಿಯಲ್ಲಿ ನಡೆಯುವವರ ತಲೆಯ ಮೇಲೆ ಮಳೆಯ ರಕ್ಷಣೆ ಇರಲಿ ಅಂತ ಬರೆದೇ ಉಂಟು. ಅಲ್ಲಿಯ ಪಯೊನೀರ್ ಸ್ಕ್ವೇರ್ ಅಂತ ಹಳೇ ಪೇಟೆ 1970ರಿಂದ ರಕ್ಷಿತ ಪ್ರದೇಶ, ಅಲ್ಲಿ ಅಂಗಡಿಯ ಹೊರಗೆ ಬೋರ್ಡು ಬದಲಿಸ್ಲಿಕ್ಕೂ ಒಪ್ಪಿಗೆ ಪತ್ರ ಬೇಕು. ದೂರದ ಮಾತು ಯಾಕೆ, ಚಂಡೀಗಢದ ಸೆಕ್ಟರ್ 17ಕ್ಕೆ ಹೋದವರು ನೋಡಿರ್ತೀರಿ, ಸಾಲು ಕಂಬ, ಅಂಗಡಿಗಳ ಎದುರು ಉದ್ದಕ್ಕೂ ಮಾಡು ಇರುವ ದಾರಿ, ಧಣಿಗೆ ದುಡ್ಡಿದೆ ಅಂತ ಅಲ್ಲಿ ಎದುರು ತನಗೆ ಬೇಕಾದ ಹಾಗೆ ತಿರುಗಿಸುವ ಹಾಗಿಲ್ಲ.

"ಹಾಗಾದ್ರೆ ಇನ್ನೊಂದು ಆಫೀಸು, ಇನ್ನೊಂದು ಸೈನು, ಇನ್ನೂ ಆರು ತಿಂಗಳು" ಅಂತ ಹೇಳ್ತೀರಿ. ಆ ಹೆದರಿಕೆ ಸುಳ್ಳಲ್ಲ, ಸಿಯಾಟಲಿನಲ್ಲೂ ತಡ ಆಗ್ತದೆ, ಖರ್ಚು ಏರ್ತದೆ ಅಂತ ಜನ ಜಗಳ ಮಾಡಿದ್ದಾರೆ. ಬಣ್ಣ ಬೂದಾ ಹಳದಿಯಾ ಅಂತ ಹೇಳುವ ಬೋರ್ಡು ನನಗೂ ಬೇಡ. ಇಲ್ಲಿ ಪ್ಲಾನ್ ನೋಡುವಾಗ ಜಾಗ ಬಿಟ್ಟದ್ದು, ಎತ್ತರ, ವಿಸ್ತೀರ್ಣ ಎಲ್ಲ ಅಳೀತಾರೆ, ಅದರ ಜೊತೆ ಎದುರಿನ ಚಿತ್ರವನ್ನು ಪಕ್ಕದ ಎರಡು ಕಟ್ಟಡ ಸೇರಿಸಿ ಒಂದು ಹಾಳೆಯಲ್ಲಿ ತನ್ನಿ ಅಂತ ಕೇಳಿದ್ರೆ ಸಾಕು, ಅರ್ಧ ಕೆಲಸ ಅಲ್ಲೇ ಆಗ್ತದೆ. ನೆಲದ ಮಟ್ಟ ಕೂಡಿ ಬರ್ತದಾ, ಮಾಡು ಕೂಡಿ ಬರ್ತದಾ, ಮೇಲಿನವರ ಕಿಟಕಿ ತೆರೀತದಾ ಅಂತ ಕಣ್ಣಿಗೇ ಕಾಣ್ತದೆ.

ಎದುರು ಅಂದಾಗ ಬೋರ್ಡಿನ ಮಾತೂ ಬಂತು. ಮೊದ್ಲು ಕೈಯಲ್ಲಿ ಬರೆಯುವ ಕಾಲದಲ್ಲಿ ಮಂಜೇಶ್ವರದಿಂದ ಕಾಸರಗೋಡಿನ ತನಕ ಕನ್ನಡ ಅಕ್ಷರ ಮಲಯಾಳದ ಜೊತೆ ಸಮ ಸಮ ಇರ್ತಿತ್ತು. ಈಗ ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ. ನಮ್ಮ ಒತ್ತಕ್ಷರ ಕೆಳಗೆ ಇಳೀತದೆ, ಬೋರ್ಡಿನ ಪಟ್ಟಿಗೆ ಸ್ವಲ್ಪ ಹೆಚ್ಚು ಎತ್ತರ ಬೇಕು, ಡಿಸೈನಿನವರು ಆ ನಾಲ್ಕು ಇಂಚು ಉಳಿಸ್ಲಿಕ್ಕೆ ಕನ್ನಡವನ್ನೇ ಬಿಡ್ತಾರೆ. ನಾನು ಎಲಿವೇಶನ್, ಅಂದ್ರೆ ಎದುರಿನ ಚಿತ್ರ, ಬರೆಯುವಾಗಲೇ ಆ ಎತ್ತರ ಇಟ್ಟು ಕೊಡ್ತೇನೆ, ಆಮೇಲೆ ಜಾಗ ಇಲ್ಲ ಅನ್ನುವ ಮಾತು ಬರಬಾರದು.

ಇನ್ನು ನನ್ನ ಹತ್ರ ಬರುವವರು ರಸ್ತೆಯ ಆಚೆ ಬದಿ ನಿಂತು ತೆಗೆದ ಫೋಟೋ ತನ್ನಿ, ಎಡ ಬಲದ ಅಂಗಡಿಯೂ ಅದರಲ್ಲಿ ಕಾಣಬೇಕು. ಶೀಟಿನ ಒಂದು ತುಂಡು ತನ್ನಿ, ನಡುವೆ ಎಂತ ಉಂಟು ಅಂತ ಕಂಪೆನಿಯವರು ಬರೆದು ಕೊಟ್ಟ ಕಾಗದ ಸಮೇತ. ರಸ್ತೆಗೆ ಹೋದ ಕಟ್ಟಡ ಆದ್ರೆ ಶೀಟು ಹೊದೆಸುವ ಮೊದ್ಲೇ ಕರೀರಿ, ಕೊಯ್ದ ಅಂಚನ್ನು ನಾನು ನನ್ನ ಕಣ್ಣಲ್ಲೇ ನೋಡ್ಬೇಕು. ಮತ್ತೆ ಮೇಲಿನ ಮಾಳಿಗೆಯಲ್ಲಿ ಬಾಡಿಗೆಗೆ ಕೂತವರನ್ನೂ ಒಟ್ಟಿಗೆ ಕರ್ಕೊಂಡು ಬನ್ನಿ, ಕಿಟಕಿ ಅವರದ್ದು.