ಜೇನುಗೂಡಿನಂಥ ತಲೆ

ಕಸಿನ್ ರಿಸೆಪ್ಷನ್‌ಗೆ ಬೀಹೈವ್, ಅಂದ್ರೆ ಜೇನುಗೂಡಿನ ಥರ ಎತ್ತರಕ್ಕೆ ಕಟ್ಟೋ ಹೇರ್‌ಸ್ಟೈಲ್, ಮಾಡಿಸ್ಕೋಬೇಕು ಅಂತ ಪಾರ್ಲರ್‌ನಲ್ಲಿ ಕೂತಿದೀನಿ, ಇವ್ರು ನೆತ್ತಿ ಹತ್ರ ಒಂದೊಂದೇ ಎಳೆ ನೆಟ್ಟಗೆ ಎತ್ತಿ ಹಿಡ್ಕೊಂಡು ಬುಡದ ಕಡೆಗೆ ಉಲ್ಟಾ ಬಾಚ್ತಾನೇ ಇದಾರೆ, ಚಿಕ್ಕೋರಿದ್ದಾಗ ಸಿಕ್ಕು ಮಾಡ್ಕೊಂಡ್ರೆ ಬೈತಿದ್ರು, ಈಗ ದುಡ್ಡು ಕೊಟ್ಟು ಸಿಕ್ಕು ಹಾಕಿಸ್ಕೊಳ್ಳೋದು! ಆ ಸಿಕ್ಕೇ ಒಳಗಿನ ದಿಂಬು, ಮೇಲೆ ಒಂದು ಪದರ ನೈಸಾಗಿ ಬಾಚಿ ಮುಚ್ಚಿ ಪಿನ್ ಹೊಡೆದು ಸ್ಪ್ರೇ ಮಾಡಿದ್ರೆ ಮುಗೀತು. ಅವತ್ತೇ ತಲೆಗೆ ಸ್ನಾನ ಮಾಡಿರಬಾರ್ದಂತೆ, ಜಾರುತ್ತೆ.

ಈ ಸ್ಟೈಲ್ ಹುಟ್ಟುಹಾಕಿದ್ದು ಚಿಕಾಗೋದ ಹೇರ್‌ಡ್ರೆಸರ್ ಮಾರ್ಗರೆಟ್ ವಿಂಚಿ ಹೆಲ್ಟ್, 1960ರಲ್ಲಿ. ಒಂದು ಬ್ಯೂಟಿ ಮ್ಯಾಗಝಿನ್‌ನೋರು ಹೊಸದೇನಾದ್ರೂ ಮಾಡಿಕೊಡಿ ಅಂದಿದ್ರಂತೆ, ಅವ್ರ ಹತ್ರ ಒಂದು ಕಪ್ಪು ವೆಲ್ವೆಟ್ ಟೋಪಿ ಇತ್ತು, ಅದ್ರ ಆಕಾರಕ್ಕೇ ಕೂದ್ಲು ಕಟ್ಟಿದ್ರು, ಕೊನೇಲಿ ಟೋಪೀಲಿದ್ದ ಜೇನ್ನೊಣದ ಥರದ್ದೊಂದು ಅಲಂಕಾರ ತೆಗೆದು ಆ ಕೂದ್ಲಿಗೇ ಸಿಕ್ಸಿದ್ರು. ಟೋಪಿ ತೆಗೆದ್ರೂ ಟೋಪಿ ಹಾಕ್ಕೊಂಡಂಗೇ ಕಾಣೋ ತಲೆ, ಸಖತ್ ಐಡಿಯಾ ಅಲ್ವಾ! ಆಗಿನ ಹೆಂಗಸ್ರು ವಾರಕ್ಕೊಂದ್ಸಲ ಸಲೂನ್‌ಗೆ ಹೋಗಿ ಮಾಡಿಸ್ಕೊಂಡು, ರಾತ್ರಿ ಸ್ಕಾರ್ಫ್ ಸುತ್ಕೊಂಡು ಮಲ್ಗಿ ಅದನ್ನೇ ವಾರವಿಡೀ ಕಾಪಾಡ್ಕೋತಿದ್ರಂತೆ. ಆಮೇಲೆ ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್ ಬಂದು, ಕಣ್ಣಿಗೆ ದಪ್ಪ ಐಲೈನರ್ ಜೊತೆ ಇದನ್ನ ಮತ್ತೆ ಫೇಮಸ್ ಮಾಡಿದ್ರು.

ನಮ್ಮಲ್ಲೂ ಆ ಕಾಲದ ಬ್ಲ್ಯಾಕ್ ಅಂಡ್ ವೈಟ್ ಆಲ್ಬಂ ತೆಗೀರಿ, ಯಾವ್ದೋ ಒಬ್ಬ ಅತ್ತೆನೋ ಚಿಕ್ಕಮ್ಮನೋ ಎತ್ತರದ ತುರುಬು ಹಾಕ್ಕೊಂಡು, ಮೇಲೆ ಮಲ್ಲಿಗೆ ಸುತ್ಕೊಂಡು ಗಂಭೀರವಾಗಿ ನಿಂತಿರ್ತಾರೆ. ಒಳಗೆ ಚೌರಿ ಎಷ್ಟಿದೆ ಅಂತ ಯಾರೂ ಹೇಳಲ್ಲ ಬಿಡಿ 😄

ಬಿಚ್ಚೋವಾಗ ಮಾತ್ರ ಕಂಡೀಷನರ್ ಹಚ್ಕೊಂಡು ತುದಿಯಿಂದ ಶುರು ಮಾಡ್ಬೇಕಂತೆ, ಬುಡದಿಂದ ಎಳೆದ್ರೆ ಬಾಚಣಿಗೇಲಿ ಅರ್ಧ ತಲೆ ಬರುತ್ತೆ ಅಂತ ಈಗ್ಲೇ ಹೆದರಿಸ್ತಿದಾರೆ.