"ಹಡದವ್ರಿಗೆಲ್ಲಾ ಇದ್ದದ್ದ ಬಿಡವಾ" ಅನ್ನೂದು ಸಾಕು
ಕೆಮ್ಮಿದ್ರ ಎರಡ ಹನಿ ಉಚ್ಚಿ, ನಕ್ರ ನಾಕ ಹನಿ, ಸೀರಿ ಒದ್ದಿ ಆತಂದ್ರ "ಹಡದವ್ರಿಗೆಲ್ಲಾ ಇದ್ದದ್ದ ಬಿಡವಾ" ಅಂತ ಒಬ್ಬರಿಗೊಬ್ರು ಸಮಾಧಾನ ಮಾಡ್ಕೋತಾರ ನಮ್ಮ ಕಡೆ ಹೆಣಮಕ್ಳು. ಯಾಕ ಸೋರತೈತಿ ಅಂತ ಕೇಳೂದ ಇಲ್ಲ, ನನಗ ಸಿಟ್ಟ ಬರೂದ ಅಲ್ಲಿ. ಹೊರಗ ಎಲ್ಲಾರಿಗೂ ಒಂದ ಥರ ಕಂಡ್ರೂ ಒಳಗಿನ ಕಾರಣ ಬ್ಯಾರೆ ಬ್ಯಾರೆ ಇರ್ತಾವು.

ನಮ್ಮ ಕಾಕು ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ ಹತ್ತೂದಿದ್ರ ದಾರ್ಯಾಗ ಸೋರೀತು ಅಂತ ಮುಂಜಾನಿಂದ ನೀರ ಕುಡೀತಿರಲಿಲ್ಲ, ಹಂಗ ಮಾಡಿದ್ರ ಉಚ್ಚಿ ಗಟ್ಟಿಯಾಗಿ ಉಚ್ಚಿ ಚೀಲಕ್ಕ ಇನ್ನಷ್ಟ ಕಿರಿಕಿರಿ. ಡಾಕ್ಟರ್ ಬಾಯಾರು ಗುಳಿಗಿ ಬರೀಲಿಲ್ಲ, ಮೊದಲ 3 ದಿನದ ಲೆಕ್ಕಾ ಬರಕೊಂಡ ಬರ್ರಿ ಅಂದ್ರು. ಏನ ಕುಡದ್ರಿ, ಎಷ್ಟ ಸಲ ಒಂದಕ್ಕ ಹೋದ್ರಿ, ಅಳದ್ರ ಎಷ್ಟ ಎಂಎಲ್, ಯಾವಾಗ ಸೋರ್ತು, ಆವಾಗ ಏನ ಮಾಡ್ಲಿಕತ್ತಿದ್ರಿ. ಕಾಕು ಹಳೇ ಕ್ಯಾಲೆಂಡರ್ ಹಿಂದ ಪೆನ್ಸಿಲ್ಲಿಂದ ಬರದ್ಲು, ಅಳತಿಗೆ ಒಂದ ಪ್ಲಾಸ್ಟಿಕ್ ಮಗ್ ಬ್ಯಾರೆ ಇಟ್ಲು, ಅದನ್ನ ಯಾರೂ ಮುಟ್ಟಬಾರದು ಅಂತ ಮನಿ ತುಂಬ ಹುಕುಂ!

ಆ ಕ್ಯಾಲೆಂಡರ್ ನೋಡಿದ್ರ ಕೆಮ್ಮಿದಾಗ ಸೋರಿದ್ದ ಇಲ್ಲ. ಚಹಾ ಕುಡದ ಮ್ಯಾಲೆ, ನಳದ ಸಪ್ಪಳ ಕೇಳಿದ್ರ ಒಮ್ಮಿಗೆಲೆ ಅವಸರ, ಬಾಗಲಾ ಮುಟ್ಟೂದ್ರಾಗ ಹೋಗಿಬಿಡ್ತಿತ್ತು. ರಾತ್ರಿ ಎದ್ದೆದ್ದು ಹೋಗೂದಕ್ಕ ಕಾರಣ ಇನ್ನೊಂದು, ಬಿಪಿ ಗುಳಿಗಿ ಒಂದು ಉಚ್ಚಿ ಹೆಚ್ಚ ಮಾಡೂದು, ಅದನ್ನ ಸಂಜೀಕ ತೊಗೋತಿದ್ಲು, ಡಾಕ್ಟರ ಅದನ್ನ ಮುಂಜಾನೆಗೆ ಹಾಕಿದ್ರು. ನೀವ ನೀವ ಬದಲ ಮಾಡ್ಕೋಬ್ಯಾಡ್ರಿ ಮತ್ತ.

ಡಾಕ್ಟರು ಯೂರಿನ್ ಟೆಸ್ಟ್ ಮಾಡಸೂದ ಯಾಕಂದ್ರ ಇನ್‌ಫೆಕ್ಷನ್ ಇದ್ರೂ ಹಿಂಗ ಆಕ್ಕೈತಿ, ಶುಗರ್ ಹೆಚ್ಚಿದ್ರೂ ಆಕ್ಕೈತಿ, ಮಲಬದ್ಧತೆ ಇದ್ರೂ ಚೀಲದ ಮ್ಯಾಲೆ ಒತ್ತಡ ಬೀಳತೈತಿ. ಚೀಲ ತುಂಬಿದಾಗ ಕೆಮ್ಮಸಿ ನೋಡ್ತಾರ, ಆಗ ಸೋರಿದ್ರ ಕೆಳಗಿನ ಸ್ನಾಯು ಸಡಲ ಆಗ್ಯಾವ ಅನ್ನೂ ಕಡೆ ವಿಚಾರ ಹೋಗತೈತಿ, ಹೆರಿಗಿ, ಗರ್ಭಕೋಶ ಜಾರೂದು, ಮುಟ್ಟ ನಿಂತ ಮ್ಯಾಲಿನ ಬದಲಾವಣಿ ಇಂಥಾವು ಅದಕ್ಕ ಕಾರಣ. ಒಂದಕ್ಕ ಹೋಗಿ ಬಂದ ಕೂಡಲೆ ಸ್ಕ್ಯಾನ್ ಮಾಡಿ ಒಳಗ ಎಷ್ಟ ಉಳದೈತಿ ಅಂತನೂ ನೋಡ್ತಾರ, ಬಹಳ ಉಳದಿದ್ರ ತುಂಬಿ ತುಳುಕೂ ಸೋರಿಕಿ. ನಳಿಗಿ ಹಾಕಿ ಚೀಲದಾಗಿನ ಒತ್ತಡ ಅಳೆಯೂ ದೊಡ್ಡ ಟೆಸ್ಟ್ ಎಲ್ಲಾರಿಗೂ ಮೊದಲ ಬೇಕಾಗಂಗಿಲ್ಲ. ಕೆಮ್ಮಿದಾಗ ಸೋರೂದಕ್ಕ ಮಾಡೂ ಆಪರೇಷನ್ನು ಕಾಕೂನಂಥಾ ಅವಸರದ ಸೋರಿಕಿಗೆ ಅಲ್ಲ, ಅದಕ್ಕ ಗಡಬಿಡಿ ಬ್ಯಾಡ.

ಉಚ್ಚ್ಯಾಗ ರಕ್ತ ಕಂಡ್ರ, ಇಲ್ಲಾ ಹೆರಿಗಿ, ಗರ್ಭಕೋಶದ ಆಪರೇಷನ್ ಆದ ಮ್ಯಾಲೆ ಹಗಲೂ ರಾತ್ರಿ ಒಂದ ಸಮ ಸೋರಿದ್ರ ಲೆಕ್ಕಾ ಬರಕೋತ ಕೂಡಬ್ಯಾಡ್ರಿ, ಲಗೂನ ತೋರಸ್ರಿ.